ಎರಡಿಂಚಿನ ಟೇಪಿನಲ್ಲಿ ಡ್ರಮ್ಸ್ ಮತ್ತು ಬೇಸ್

ಸ್ವಿಟ್ಜರ್ಲೆಂಡಿನ ಸ್ಟೂಡರ್ ಕಂಪನಿ 1978ರಲ್ಲಿ ಎ800 ಮಾದರಿಯ ಟೇಪ್ ರೆಕಾರ್ಡರನ್ನು ಹೊರತಂದಿತು. ಅದು 2 ಇಂಚು ಅಗಲದ ಟೇಪಿನ ಮೇಲೆ 24 ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ದಾಖಲಿಸುತ್ತದೆ.

ಸ್ಟುಡಿಯೊಗೆ ಕಂಪ್ಯೂಟರ್ ಬಂದ ಮೇಲೂ ಅನೇಕ ರಾಕ್ ನಿರ್ಮಾಪಕರು ಡ್ರಮ್ಸ್ ಮತ್ತು ಬೇಸ್ ಗಿಟಾರನ್ನು ಮೊದಲು ಇಂಥ ಟೇಪಿಗೇ ಹಿಡಿದು, ಆಮೇಲೆ ಡಿಜಿಟಲ್‌ಗೆ ಇಳಿಸಿಕೊಂಡು ಮಿಕ್ಸ್ ಮಾಡುತ್ತಿದ್ದರು. ಕಾರಣ, ಟೇಪಿನ ಮೇಲಿರುವ ಕಬ್ಬಿಣದ ಆಕ್ಸೈಡ್ ಲೇಪ. ಸ್ನೇರ್ ಡ್ರಮ್ಮಿನ ಏಟು ಜೋರಾದಂತೆಲ್ಲ ಆ ಕಣಗಳು ಇನ್ನಷ್ಟು ಕಾಂತತೆ ಪಡೆಯುವ ಶಕ್ತಿ ಮೆಲ್ಲಗೆ ತೀರುತ್ತ ಬರುತ್ತದೆ; ಏಟಿನ ಚೂಪಾದ ತುದಿ ದುಂಡಗಾಗುತ್ತದೆ. ಡಿಜಿಟಲ್‌ನಲ್ಲಾದರೆ ಮಿತಿ ಮೀರಿದ ಸದ್ದು ಥಟ್ಟನೆ ಕತ್ತರಿಸಿಹೋಗುತ್ತದೆ. ಬೇಸ್‌ಗೆ ಆಗುವ ಉಪಕಾರ ಇನ್ನೂ ದೊಡ್ಡದು: ಟೇಪ್ ತಾನಾಗಿ ಸೇರಿಸುವ ಹಾರ್ಮೋನಿಕ್‌ಗಳಿಂದಾಗಿ (ಮೂಲ ಸ್ವರಕ್ಕಿಂತ ಎತ್ತರದ ಉಪಸ್ವರಗಳಿಂದಾಗಿ) ಅದರ ತಗ್ಗಿನ ಸ್ವರ ಚಿಕ್ಕ ಸ್ಪೀಕರಿನಲ್ಲೂ ಕಿವಿಗೆ ಸಿಗುತ್ತದೆ.

ಟೇಪ್ ಸೆಕೆಂಡಿಗೆ 15 ಇಂಚಿನ ವೇಗದಲ್ಲಿ ಓಡಿದರೆ ತಗ್ಗು ದನಿ ತುಂಬಿಕೊಂಡು ಬರುತ್ತದೆ, ಹಿನ್ನೆಲೆಯ ‘ಸ್ಸ್’ ಸದ್ದೂ ಹೆಚ್ಚು. 30 ಇಂಚಿನಲ್ಲಿ ಆ ಸದ್ದು ಕಡಿಮೆ. ಆದರೆ 2,500 ಅಡಿಯ ಸುರುಳಿ ಸುಮಾರು 16 ನಿಮಿಷಕ್ಕೇ ಮುಗಿಯುತ್ತದೆ.

ಟೇಪ್ ಸವೆಯುತ್ತದೆ ಕೂಡ. ಫ್ಲೀಟ್‌ವುಡ್ ಮ್ಯಾಕ್ ತಂಡದ ‘ರೂಮರ್ಸ್’ (1977) ಆಲ್ಬಮ್ ತಯಾರಾಗುವಾಗ ಒಂದೇ ಟೇಪನ್ನು ಪದೇಪದೇ ಓಡಿಸಿ ಡ್ರಮ್ಸಿನ ಹೊಳಪೇ ಮಾಸಿಹೋಯಿತು. ಮೊದಲೇ ತೆಗೆದಿಟ್ಟಿದ್ದ ಇನ್ನೊಂದು ಟೇಪಿನಿಂದ ಅದನ್ನು ಮರಳಿ ಪಡೆಯಬೇಕಾಯಿತು. ದಾಖಲಾದ ಕೂಡಲೇ ಡಿಜಿಟಲ್‌ಗೆ ಇಳಿಸಿಕೊಂಡವರಿಗೆ ಈ ಸಂಕಟವಿರಲಿಲ್ಲ. ಹಾಡುಗಾರಿಕೆ, ಗಿಟಾರುಗಳನ್ನು ಎಷ್ಟು ಸಲ ತಿದ್ದಿದರೂ ಟೇಪ್ ಮತ್ತೆ ಓಡಬೇಕಿರಲಿಲ್ಲ.