ಆರು ಕುದುರೆ, ಹತ್ತು ಕುದುರೆ ಮತ್ತು ವಿಜ್ಜಡವಿಡ

ಇಟ್ಟಂಗಿಹಾಳದ ಹೆಸರಿನಲ್ಲೇ ಇಟ್ಟಂಗಿ ಇದೆ. ಮೈಸೂರು ಕಡೆಯವರ ಬಾಯಲ್ಲಿ ಅದು ಇಟ್ಟಿಗೆ. ವಿಜಯಪುರದ ಮಗ್ಗುಲಿನ ಈ ಊರಿಗೆ ಒಪ್ಪುವ ಲೆಕ್ಕವೊಂದಿದೆ: ಒಂದು ಇಟ್ಟಂಗಿಯ ತೂಕ ಒಂದೂವರೆ ಕಿಲೋ ಮತ್ತು ಅರ್ಧ ಇಟ್ಟಂಗಿಗೆ ಸಮ, ಇಡೀ ಇಟ್ಟಂಗಿ ಎಷ್ಟು ಭಾರ? ತಕ್ಕಡಿಯ ಎರಡೂ ತಟ್ಟೆಯಿಂದ ಅರ್ಧರ್ಧ ಇಟ್ಟಂಗಿ ಇಳಿಸಿದರೆ ಅರ್ಧ ಇಟ್ಟಂಗಿ ಒಂದು ಕಡೆ, ಒಂದೂವರೆ ಕಿಲೋ ಇನ್ನೊಂದು ಕಡೆ. ಅಂದರೆ ಇಡೀದು ಮೂರು ಕಿಲೋ. ‘ಎಕ್ಸ್’ ಬರೆಯದೆಯೇ ಸಮೀಕರಣ ಬಿಡಿಸಿದಂತಾಯಿತು.

ಗೊತ್ತಿಲ್ಲದ ಆ ಸಂಖ್ಯೆಯನ್ನು ನಮ್ಮ ಹಳೆಯ ಗಣಿತಜ್ಞರು ‘ಯಾವತ್ತಾವತ್’, ಎಷ್ಟೋ ಅಷ್ಟು, ಎಂದು ಕರೆದು ‘ಯಾ’ ಎಂದು ಚುಟುಕಾಗಿ ಬರೆಯುತ್ತಿದ್ದರು. ಇನ್ನೊಂದು ಬೇಕಾದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ಮೂವತ್ತಾರನೆಯ ವಯಸ್ಸಿಗೆ ಸಿದ್ಧಾಂತಶಿರೋಮಣಿ ಬರೆದ. ಲೀಲಾವತಿ, ಬೀಜಗಣಿತ ಎರಡೂ ಅದರ ಭಾಗಗಳು.

ಬೀಜಗಣಿತದಲ್ಲಿ ಬರುವ ಕುದುರೆಗಳ ಲೆಕ್ಕ ಇಂದಿನ ಎಂಟನೇ ತರಗತಿಗೂ ಸಲ್ಲುತ್ತದೆ. ಒಬ್ಬನ ಬಳಿ ಆರು ಕುದುರೆ, 300 ನಾಣ್ಯ. ಇನ್ನೊಬ್ಬನ ಬಳಿ ಹತ್ತು ಕುದುರೆ, ತಲೆಯ ಮೇಲೆ 100ರ ಸಾಲ. ಇಬ್ಬರ ಆಸ್ತಿಯೂ ಸಮ, ಕುದುರೆಯ ಬೆಲೆಯೇನು? ಎರಡೂ ಕಡೆ ಆರು ಕುದುರೆ ಕಳೆದು, ಸಾಲದ 100 ಕೂಡಿಸಿದರೆ ನಾಲ್ಕು ಕುದುರೆಗೆ 400. ಒಂದಕ್ಕೆ ನೂರು. ಇಲ್ಲಿಗೇ ಪುಸ್ತಕ ಮುಚ್ಚುವ ಹುಡುಗರೇ ಹೆಚ್ಚು. ಆದರೆ ಸಿಕ್ಕ ಬೆಲೆಯನ್ನು ‘ಯಾ’ ಇದ್ದಲ್ಲಿ ಇಟ್ಟು ನೋಡುವ ಹೆಜ್ಜೆಯೂ ಇದೆ, ಅದರ ಹೆಸರು ಉತ್ಥಾಪನ. ಮೊದಲನೆಯವನದು 600ಕ್ಕೆ 300 ಕೂಡಿ 900. ಎರಡನೆಯವನದು 1000ದಲ್ಲಿ 100 ಕಳೆದು 900. ತಾಳೆ ಬಿತ್ತು.

ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದದ್ದು 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ. ಅದು ಸಂಸ್ಕೃತದಲ್ಲಿತ್ತು, ವ್ಯವಹಾರಗಣಿತವನ್ನು ಕನ್ನಡದಲ್ಲೇ ಹೇಳಿದವನು 12ನೇ ಶತಮಾನದ ಜೈನ ಕವಿ ರಾಜಾದಿತ್ಯ. ಪಂಡಿತರಲ್ಲದವರಿಗೂ ಲೆಕ್ಕ ದಕ್ಕಲಿ ಎಂದವನನ್ನು ನಾವು ನೆನೆಯುವುದು ಕಡಿಮೆಯೇ.

ಮುಂದೆ ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾ ವಿಜಯಪುರವನ್ನು ಆಳುತ್ತಿದ್ದಾಗ, 1634ರ ಸುಮಾರಿಗೆ, ಅತ್ತ ಶಹಜಹಾನನಿಗಾಗಿ ಅತಾಉಲ್ಲಾ ರುಷ್ದಿ ಭಾಸ್ಕರನ ಬೀಜಗಣಿತವನ್ನು ಪಾರಸಿಗೆ ತಂದ.

ಇನ್ನು ಊರಿನ ಲೆಕ್ಕ. ಭಾಸ್ಕರ ತನ್ನ ಊರನ್ನು ವಿಜ್ಜಡವಿಡ ಎಂದಿದ್ದಾನೆ. ಅದು ನಮ್ಮ ಬಿಜಾಪುರವೇ ಎಂಬ ಹೆಮ್ಮೆಯ ಮಾತು ಈ ಭಾಗದಲ್ಲಿ ಬಹಳ ಕಾಲದಿಂದ ಇದೆ. ಹೆಸರಿನ ನಾದ ಹೊಂದುತ್ತದೆ, ನಿಜ. ಆದರೆ ಕುದುರೆಯ ಬೆಲೆಯಂತೆ ಇದನ್ನೂ ಇಟ್ಟು ನೋಡಬೇಕಲ್ಲ! ತನ್ನ ಊರು ಸಹ್ಯಾದ್ರಿಯ ಆಸರೆಯಲ್ಲಿದೆ ಎಂದು ಅವನೇ ಬರೆದಿದ್ದಾನೆ. ವಿಜಯಪುರ ಇರುವುದು ಬಟ್ಟಂಬಯಲಿನಲ್ಲಿ. ಭಾಸ್ಕರನ ವಂಶದ ಶಾಸನ ಸಿಕ್ಕಿದ್ದು ಮಹಾರಾಷ್ಟ್ರದ ಚಾಳೀಸ್‌ಗಾಂವ್ ಬಳಿಯ ಪಾಟಣದಲ್ಲಿ. ಸಮೀಕರಣ ಇತ್ತ ತಾಳೆ ಬೀಳುವುದಿಲ್ಲ. 1207ರ ಆ ಶಾಸನದ ಪ್ರಕಾರ, ಭಾಸ್ಕರನ ಮೊಮ್ಮಗ ಚಾಂಗದೇವ ಅಲ್ಲೊಂದು ಮಠ ಕಟ್ಟಿಸಿದ್ದು ಅಜ್ಜನ ಗ್ರಂಥಗಳನ್ನು ಓದಿಸಲಿಕ್ಕೆ.