ಬೆಲೂನನ್ನು ಎತ್ತಿದ್ದು ಯಾವುದು? : 1783ರ ಪ್ರಯೋಗಗಳ ವಿವೇಚನೆ

ಜಲಜನಕವು ಗಾಳಿಗಿಂತ ಹಗುರವಾದುದು, ಆದಕಾರಣ ಅದನ್ನು ತುಂಬಿದ ಬೆಲೂನು ಮೇಲೇರುತ್ತದೆ ಎಂದು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ನಾವೂ ಅದಕ್ಕೆ ಅಂಕಗಳನ್ನು ಕೊಡುತ್ತೇವೆ. ಉತ್ತರ ಸುಳ್ಳಲ್ಲ. ಆದರೆ ಹಗುರತನವೆಂಬ ಯಾವುದೋ ಶಕ್ತಿ ಅನಿಲದೊಳಗೆ ಅಡಗಿದ್ದು, ಅದೇ ಬೆಲೂನನ್ನು ಮೇಲಕ್ಕೆ ಒಯ್ಯುತ್ತದೆ ಎಂಬ ಭಾವನೆಗೆ ಅದು ಎಡೆಗೊಡುತ್ತದೆ. ಈ ಭಾವನೆ ಪುರಾತನವಾದುದು. ಬೆಂಕಿ ಸ್ವಭಾವತಃ ಊರ್ಧ್ವಗಾಮಿಯೆಂದು ಅರಿಸ್ಟಾಟಲನು ಹೇಳಿದ್ದನು. ಭಾರದಂತೆ ಲಾಘವವೂ ವಸ್ತುವಿನ ಸಹಜಗುಣವೆಂಬ ನಂಬಿಕೆ ಅವನ ಅನುಯಾಯಿಗಳಲ್ಲಿ ಬಹುಕಾಲ ಉಳಿಯಿತು. ಬೆಲೂನನ್ನು ಎತ್ತುವುದು ಒಳಗಿನ ಅನಿಲವಲ್ಲ, ಹೊರಗಿನ ಗಾಳಿ. ಈ ಮಾತು ಮನುಷ್ಯನಿಗೆ ಹೇಗೆ ತಿಳಿದುಬಂದಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ದ್ರವದಲ್ಲಿ ಮುಳುಗಿದ ವಸ್ತುವು ತಾನು ಪಲ್ಲಟಗೊಳಿಸಿದ ದ್ರವದ ತೂಕದಷ್ಟು ಬಲದಿಂದ ಮೇಲಕ್ಕೆ ಒತ್ತಲ್ಪಡುವುದೆಂದು ಆರ್ಕಿಮಿಡೀಸನು ಕ್ರಿಸ್ತಪೂರ್ವದಲ್ಲಿಯೇ ತೋರಿಸಿದ್ದನು. ಇದನ್ನು ಗಾಳಿಗೆ ಅನ್ವಯಿಸಬೇಕಾದರೆ ಗಾಳಿಗೂ ತೂಕವಿದೆಯೆಂದು ಒಪ್ಪಬೇಕು. ಅದಕ್ಕೆ ಹದಿನೇಳನೆಯ ಶತಮಾನ ಬರಬೇಕಾಯಿತು. 1643ರಲ್ಲಿ ಟಾರಿಚೆಲ್ಲಿಯ ಪಾದರಸದ ಪ್ರಯೋಗ ನಡೆಯಿತು. 1648ರಲ್ಲಿ ಪಾಸ್ಕಲನ ಸೂಚನೆಯಂತೆ ಅವನ ಭಾವ ಪೆರಿಯೆ ಫ್ರಾನ್ಸಿನ ಪ್ಯೂಯ್ ದ ದೋಮ್ ಬೆಟ್ಟವನ್ನು ಪಾದರಸದ ನಳಿಗೆಯೊಡನೆ ಏರಿದನು; ನೆತ್ತಿಯಲ್ಲಿ ಪಾದರಸದ ಮಟ್ಟ ಸುಮಾರು ಮೂರು ಅಂಗುಲ ಇಳಿದಿತ್ತು. ಮೇಲೆ ಹೋದಂತೆ ಗಾಳಿಯ ಒತ್ತಡ ಕುಗ್ಗುತ್ತದೆ. ಬೆಲೂನಿನ ರಹಸ್ಯವೆಲ್ಲ ಇದರಲ್ಲಿಯೇ ಇದೆ. ಬೆಟ್ಟದ ಬುಡಕ್ಕೂ ನೆತ್ತಿಗೂ ಇರುವ ಅಂತರ, ಅತ್ಯಲ್ಪ ಪ್ರಮಾಣದಲ್ಲಿ, ಬೆಲೂನಿನ ಅಡಿಗೂ ನೆತ್ತಿಗೂ ಇದೆ. ನಾಲ್ಕು ಮೀಟರ್ ಎತ್ತರದ ಗೋಳದಲ್ಲಿ ಅದು ಸುಮಾರು 5 ಮಿಲಿಮೀಟರ್ ನೀರಿನ ಕಂಬಕ್ಕೆ ಸಮ. ಅಡಿಯಿಂದ ಒತ್ತುವ ಗಾಳಿ ನೆತ್ತಿಯಿಂದ ಒತ್ತುವ ಗಾಳಿಗಿಂತ ಅಷ್ಟು ಪ್ರಬಲ. ಎತ್ತುವ ಬಲ ಇದೇ, ಬೇರೊಂದಿಲ್ಲ.

ಹಾಗಿದ್ದರೆ ಒಳಗೆ ಏನೂ ಇಲ್ಲದಿದ್ದರೆ ಇನ್ನೂ ಒಳ್ಳೆಯದಲ್ಲವೆ? 1670ರಲ್ಲಿ ಇಟಲಿಯ ಪಾದ್ರಿ ಫ್ರಾಂಚೆಸ್ಕೊ ಲಾನಾ ಹೀಗೆಯೇ ಯೋಚಿಸಿದನು. ತೆಳುವಾದ ನಾಲ್ಕು ತಾಮ್ರದ ಗೋಳಗಳಿಂದ ಗಾಳಿಯನ್ನು ಹೊರತೆಗೆದು ಅವುಗಳಿಗೆ ದೋಣಿಯೊಂದನ್ನು ಕಟ್ಟಿದರೆ ಅದು ಆಕಾಶದಲ್ಲಿ ತೇಲುವುದೆಂಬುದು ಅವನ ಯೋಜನೆ. ತತ್ತ್ವ ಸರಿಯಾದುದೇ. ಆದರೆ ಎತ್ತಬೇಕಾದ ಗಾಳಿಯೇ ಅಂಥ ಗೋಳವನ್ನು ಅಪ್ಪಚ್ಚಿಮಾಡಿಬಿಡುತ್ತದೆ. ಅನಿಲದ ನಿಜವಾದ ಕೆಲಸ ಇಲ್ಲಿ ತಿಳಿಯುತ್ತದೆ: ಅದು ಎತ್ತುವುದಿಲ್ಲ, ಹೊರಗಿನ ಒತ್ತಡಕ್ಕೆ ಎದುರಾಗಿ ನಿಂತು ಚೀಲವನ್ನು ಅರಳಿಸಿಡುತ್ತದೆ. ಈ ಸೇವೆಗೆ ಅದು ತೆಗೆದುಕೊಳ್ಳುವ ಕೂಲಿ ತನ್ನ ತೂಕ ಮಾತ್ರ. ಹೀಲಿಯಮ್ ಜಲಜನಕದ ಇಮ್ಮಡಿ ಭಾರವಿದ್ದರೂ ಅದರ ಎತ್ತುವ ಸಾಮರ್ಥ್ಯ ಅರ್ಧಕ್ಕೆ ಇಳಿಯದೆ ಶೇಕಡ 7ರಷ್ಟು ಮಾತ್ರ ಕಡಮೆಯಾಗುವುದು ಇದರಿಂದಲೇ. ಒಂದು ಘನಮೀಟರ್ ಗಾಳಿಯ ತೂಕ 1.29 ಕಿಲೋಗ್ರಾಂ, ಅದರಿಂದ ಜಲಜನಕದ 0.09 ಅನ್ನಾಗಲಿ ಹೀಲಿಯಮ್ಮಿನ 0.18 ಅನ್ನಾಗಲಿ ಕಳೆದು ನೋಡಿದರೆ ಸಾಕು.

1766ರಲ್ಲಿ ಕ್ಯಾವೆಂಡಿಷನು ತಾನು ಪರೀಕ್ಷಿಸಿದ 'ಉರಿಯುವ ಗಾಳಿ' ಸಾಮಾನ್ಯ ಗಾಳಿಗಿಂತ ಹಲವು ಪಟ್ಟು ಹಗುರವೆಂದು ಪ್ರಕಟಿಸಿದನು. ಲಂಡನ್ನಿನಲ್ಲಿ ಕ್ಯಾವಲೊ ಎಂಬಾತನು ಅದನ್ನು ತುಂಬಿ ಹಾರಿಸಲು ಯತ್ನಿಸಿ, ಸಾಬೂನಿನ ಗುಳ್ಳೆಗಳಲ್ಲಿ ಮಾತ್ರ ಸಫಲನಾದನು. ಪ್ರಾಣಿಗಳ ಮೂತ್ರಕೋಶ ಭಾರವಾಯಿತು. ಕಾಗದದಿಂದ ಅನಿಲ ಸೋರಿಹೋಯಿತು.

ಮೊದಲ ಜಯ ದೊರೆತದ್ದು ಕಾರಣವನ್ನು ತಪ್ಪಾಗಿ ತಿಳಿದವರಿಗೆ. 1783ರ ಜೂನ್ 4ರಂದು ಅನೊನೆ ಎಂಬ ಊರಿನಲ್ಲಿ ಕಾಗದದ ವ್ಯಾಪಾರಿಗಳಾದ ಮಾಂಗಾಲ್ಫಿಯೆ ಸಹೋದರರು ದೊಡ್ಡ ಚೀಲವೊಂದನ್ನು ಹಾರಿಸಿದರು. ಹುಲ್ಲನ್ನೂ ಉಣ್ಣೆಯನ್ನೂ ಸುಟ್ಟರೆ ವಿಶೇಷವಾದ ಹಗುರ ಅನಿಲವೊಂದು ಹುಟ್ಟುವುದೆಂದು ಅವರು ನಂಬಿದ್ದರು. ಹೊಗೆಯ ಅಗತ್ಯವಿಲ್ಲ, ಕಾದು ವಿರಳವಾದ ಗಾಳಿಯೇ ಸಾಕೆಂಬುದನ್ನು ಜಿನೀವಾದ ಸೊಸ್ಯೂರನು ಮುಂದೆ ತೋರಿಸಿಕೊಟ್ಟನು.

ಅನಿಲಗಳ ನಿಯಮದಿಂದ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾದ ಜಾಕ್ ಚಾರ್ಲ್ಸನು ಲೆಕ್ಕ ಹಾಕಿ ಹೊರಟವನು. ರಾಬರ್ ಸಹೋದರರ ನೆರವಿನಿಂದ ರಬ್ಬರು ಲೇಪಿಸಿದ ರೇಷ್ಮೆಯ ಗೋಳವೊಂದನ್ನು ಸಿದ್ಧಪಡಿಸಿ, ಕಬ್ಬಿಣದ ಚೂರುಗಳ ಮೇಲೆ ಗಂಧಕಾಮ್ಲವನ್ನು ಸುರಿದು ಜಲಜನಕವನ್ನು ಪಡೆದನು. ಗೋಳದ ಗಾತ್ರ ಸುಮಾರು 35 ಘನಮೀಟರ್. ಅದು ಪಲ್ಲಟಗೊಳಿಸಿದ ಗಾಳಿಯ ತೂಕ 40 ಕಿಲೋಗ್ರಾಮಿಗೂ ಹೆಚ್ಚು, ಶುದ್ಧ ಜಲಜನಕವಾದರೆ ಮೂರೇ ಕಿಲೋಗ್ರಾಂ. ಆಗಸ್ಟ್ 27ರಂದು ಪ್ಯಾರಿಸಿನಿಂದ ಹಾರಿದ ಆ ಗೋಳ ಗೊನೆಸ್ ಎಂಬ ಹಳ್ಳಿಯಲ್ಲಿ ಬಿದ್ದಾಗ, ಅದನ್ನು ಭೂತವೆಂದು ಬಗೆದ ರೈತರು ಕವೆಗೋಲುಗಳಿಂದ ತಿವಿದು ಹರಿದುಹಾಕಿದರು. ಆದರೆ ಅದು ಮೊದಲೇ ಬಿರಿದಿತ್ತೆಂದು ಕಾಣುತ್ತದೆ. ಬಾಯಿ ಬಿಗಿದ ಚೀಲ ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿದು ಒಳಗಿನ ಅನಿಲ ಉಬ್ಬಬೇಕಷ್ಟೆ.

ಎರಡು ಮಾರ್ಗಗಳ ಅಂತರ ಅದೇ ವರ್ಷದ ಕೊನೆಯಲ್ಲಿ ಸ್ಪಷ್ಟವಾಯಿತು. ನವೆಂಬರ್ 21ರಂದು ಪಿಲಾತ್ರ್ ದ ರೋಜಿಯೆ ಮತ್ತು ಮಾರ್ಕ್ವಿಸ್ ದಾರ್ಲಾಂದ್ ಎಂಬಿಬ್ಬರನ್ನು ಹೊತ್ತ ಬಿಸಿಗಾಳಿಯ ಬೆಲೂನಿನ ಗಾತ್ರ 1,700 ಘನಮೀಟರಿಗೆ ಕಡಮೆಯಿರಲಿಲ್ಲ. ಡಿಸೆಂಬರ್ 1ರಂದು ಚಾರ್ಲ್ಸನನ್ನೂ ಕಿರಿಯ ರಾಬರ್‌ನನ್ನೂ ಹೊತ್ತ ಜಲಜನಕದ ಬೆಲೂನಿನದು ಸುಮಾರು 380. ನೂರು ಡಿಗ್ರಿಗೆ ಕಾಯಿಸಿದ ಗಾಳಿ ಕೂಡ ತನ್ನ ತೂಕದಲ್ಲಿ ಕಾಲುಭಾಗವನ್ನಷ್ಟೇ ಕಳೆದುಕೊಳ್ಳುತ್ತದೆ. ಎರಡನ್ನೂ ಒಂದುಗೂಡಿಸಲು, ಮೇಲೆ ಜಲಜನಕ ಕೆಳಗೆ ಬೆಂಕಿ ಎಂದು ಹೊರಟ ರೋಜಿಯೆ 1785ರ ಜೂನ್ 15ರಂದು ಬೊಲೋನ್ ಬಳಿ ಜೊತೆಗಾರನೊಡನೆ ಬಿದ್ದು ಸತ್ತನು.

ಚಾರ್ಲ್ಸನು ಆಗಸ್ಟಿನ ಪಾಠವನ್ನು ಮರೆಯದೆ ತನ್ನ ಹೊಸ ಬೆಲೂನಿನ ಕೆಳಗಡೆ ತೆರೆದ ಕೊರಳನ್ನೂ ನೆತ್ತಿಯಲ್ಲಿ ಕವಾಟವನ್ನೂ ಇರಿಸಿದ್ದನು. ಎರಡು ಗಂಟೆಗಳ ಪಯಣದ ನಂತರ ಸಂಜೆ ನೆಲಮುಟ್ಟಿ, ರಾಬರ್ ಕೆಳಗಿಳಿದನು. ಒಬ್ಬ ಮನುಷ್ಯನ ತೂಕ ಇಳಿದರೂ ಗಾಳಿಯ ಒತ್ತು ಇಳಿಯಲಿಲ್ಲ. ಬೆಲೂನು ಚಾರ್ಲ್ಸನೊಬ್ಬನನ್ನೇ ಹೊತ್ತು ಸುಮಾರು 3,000 ಮೀಟರ್ ಎತ್ತರಕ್ಕೆ ಚಿಮ್ಮಿತು. ಕೆಳಗಿದ್ದವರಿಗೆ ಮುಳುಗಿದ್ದ ಸೂರ್ಯ ಅವನಿಗೆ ಮತ್ತೆ ಕಾಣಿಸಿಕೊಂಡು ಎರಡನೆಯ ಸಲ ಮುಳುಗಿದನು. ಚಳಿಯ ನಡುವೆ ವಾಯುಭಾರಮಾಪಕವನ್ನು ನೋಡಿ ಗುರುತು ಹಾಕಿಕೊಳ್ಳುತ್ತಿದ್ದವನಿಗೆ ಕಿವಿನೋವು ತಡೆಯಲಾರದಷ್ಟಾಗಿ, ಕವಾಟವನ್ನು ತೆರೆದು ಇಳಿದನು. ಆಮೇಲೆ ನಲವತ್ತು ವರ್ಷ ಬದುಕಿದ್ದರೂ ಅವನು ಮತ್ತೆ ಬೆಲೂನನ್ನೇರಲಿಲ್ಲ.