ಗರ್ಭಪಾತ

ಸಂಸ್ಕೃತದ ‘ಪತ್’ ಧಾತುವಿನಿಂದ ಬಂದ ‘ಪಾತ’ ಎಂದರೆ ಬೀಳುವುದು. ಸುಶ್ರುತ ಸಂಹಿತೆಯಲ್ಲಿ ನಾಲ್ಕನೇ ತಿಂಗಳವರೆಗಿನದು ಗರ್ಭಸ್ರಾವ, ಐದು-ಆರನೇ ತಿಂಗಳಿನದು ಗರ್ಭಪಾತ. ಇಂದಿನ ಬರವಣಿಗೆಯಲ್ಲಿ ತಾನಾಗಿ ಬಿದ್ದದ್ದೂ ತೆಗೆಸಿದ್ದೂ ಗರ್ಭಪಾತವೇ. ಆಡುಮಾತಿಗೆ ಈ ಗೊಂದಲವಿಲ್ಲ: ‘ಅಬಾರ್ಷನ್ ಆಯ್ತು’ ಬೇರೆ, ‘ಮಾಡಿಸಿದ್ರು’ ಬೇರೆ. ಆಸ್ಪತ್ರೆಯ ಚೀಟಿಯಲ್ಲಿ ಎರಡನೆಯದು ‘ಎಂಟಿಪಿ’, 1971ರ ‘ಮೆಡಿಕಲ್ ಟರ್ಮಿನೇಷನ್ ಆಫ್ ಪ್ರೆಗ್ನೆನ್ಸಿ’ ಕಾಯ್ದೆಯ ಹೆಸರಿನ ಮೊದಲಕ್ಷರಗಳು. 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು ಮೊದಲಾದವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರ. ಸುಪ್ರೀಂ ಕೋರ್ಟ್ 2022ರಲ್ಲಿ ಅವಿವಾಹಿತೆಯರನ್ನೂ ಈ ಸಾಲಿಗೆ ಸೇರಿಸಿತು. ಹೀಗೆ ಕಾನೂನಿನಂತೆ ಮಾಡಿಸಿದ ಗರ್ಭಪಾತವನ್ನೂ ‘ಭ್ರೂಣಹತ್ಯೆ’ ಎಂದು ಬರೆಯುವವರಿದ್ದಾರೆ, ತಪ್ಪು. ಆ ಮಾತು ಹೆಣ್ಣೆಂದು ಪತ್ತೆ ಹಚ್ಚಿ ತೆಗೆಸುವುದಕ್ಕೆ ರೂಢಿಯಾದದ್ದು, ಲಿಂಗಪತ್ತೆ ನಿಷೇಧಿಸುವ 1994ರ ಕಾನೂನೇ ಬೇರೆ.